ಮಳೆ ಬಂದರೆ ಹೊಗೆ ಜಾಸ್ತಿ

ನೆಲದಡಿಯ ಕಲ್ಲಿದ್ದಲು ಹೊತ್ತಿ ಉರಿಯುವ ಜಾರ್ಖಂಡಿನ ಝರಿಯಾ ನೋಡಬೇಕು ಅಂತ ಹೊರಟವಳಲ್ಲ ನಾನು. ಮಗಳಿಗೆ ಧನಬಾದಿನ ಐಐಟಿಯಲ್ಲಿ ಸೀಟು ಸಿಕ್ಕಿತ್ತು, ಇವರಿಗೆ ರಜೆ ಸಿಗಲಿಲ್ಲ. 2023ರ ಆಗಸ್ಟ್‌ನಲ್ಲಿ ನಾನೇ ಅವಳನ್ನು ಕರೆದುಕೊಂಡು ಹೈದರಾಬಾದಿನಿಂದ ರಾಂಚಿಗೆ, ಅಲ್ಲಿಂದ ರೈಲಿನಲ್ಲಿ ಧನಬಾದಿಗೆ ಹೋದೆ. ಹಾಸ್ಟೆಲಿಗೆ ಬಕೆಟ್, ಬೀಗ, ಬಟ್ಟೆ ಒಣಗಿಸೋ ಹಗ್ಗ ಎಲ್ಲ ಕೊಡಿಸಿದ್ದಾಯಿತು. ಮರುದಿನ ಅವಳಿಗೆ ಕಾಲೇಜಿನಲ್ಲಿ ಏನೋ ಕಾರ್ಯಕ್ರಮ. ನನ್ನ ರೈಲು ಇದ್ದದ್ದು ರಾತ್ರಿ. ಇಡೀ ಹಗಲು ಖಾಲಿ.

ಅವಳು ತೆಗೆದುಕೊಂಡಿದ್ದು ಮೈನಿಂಗ್. 'ಹುಡುಗಿಗೆ ಯಾಕಮ್ಮ ಮೈನಿಂಗು' ಅಂತ ನೆಂಟರಲ್ಲಿ ಕೇಳದವರಿಲ್ಲ. 2019ರವರೆಗೆ ನಮ್ಮ ದೇಶದಲ್ಲಿ ಹೆಂಗಸರು ನೆಲದಡಿಯ ಗಣಿಯಲ್ಲಿ ಕೆಲಸ ಮಾಡೋ ಹಾಗೇ ಇರಲಿಲ್ಲ, ಕಾಯ್ದೆಯೇ ಅಡ್ಡ ಇತ್ತು. ಆದರೆ ನಮ್ಮ ಮನೆಗೆ ಕಲ್ಲಿದ್ದಲು ಹೊಸದಲ್ಲ. ಅಪ್ಪ ಕೆಲಸ ಮಾಡಿದ್ದು ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ, ಥರ್ಮಲ್ ಸ್ಟೇಷನ್ನಿನ ಕೋಲ್ ಯಾರ್ಡಿನಲ್ಲಿ. ಡ್ಯೂಟಿ ಮುಗಿಸಿ ಬಂದು ಬಚ್ಚಲಲ್ಲಿ ಮೂಗು ಸೀಟಿದರೆ ಕಪ್ಪು ನೀರು. ನಾನು ಚಿಕ್ಕವಳಿದ್ದಾಗ ಒಂದು ರಾತ್ರಿ ಅವರನ್ನು ಎಬ್ಬಿಸಿಕೊಂಡು ಹೋಗಿದ್ದರು. ಯಾರ್ಡಿನಲ್ಲಿದ್ದ ರಾಶಿ ಹೊಗೆಯಾಡುತ್ತಿದೆ ಅಂತ. ಯಾರು ಬೆಂಕಿ ಹಚ್ಚಿದ್ರು ಅಂತ ನಾನು ಬೆಳಿಗ್ಗೆ ಕೇಳಿದ್ದಕ್ಕೆ ಅಪ್ಪ ನಕ್ಕಿದ್ದರು.

'ಯಾರೂ ಹಚ್ಚಂಗಿಲ್ಲವ್ವಾ. ಗಾಳಿ ಸಿಕ್ರ ಅದು ತಾನೇ ಕಾಯ್ತದ. ಡೋಜರ್ ಹತ್ತಿಸಿ ಅಮುಕಿಟ್ರ ಸುಮ್ನಿರ್ತದ.'

ಕಲ್ಲಿದ್ದಲಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಅವತ್ತು ಝರಿಯಾದಲ್ಲಿ ಬೇಕಾಗಿದ್ದದ್ದೂ ಇಷ್ಟೇ ಅಂತ ಆಮೇಲೆ ಅನಿಸಿತು.

ಹೋಟೆಲಿನವನು ಆಟೋ ಗೊತ್ತು ಮಾಡಿಕೊಟ್ಟ. 'ಬೆಂಕಿ ನೋಡಬೇಕಾ ದೀದಿ?' ಅಂತ ಆಟೋದವನೇ ಕೇಳಿದ. ಜೋಗ ನೋಡಬೇಕಾ ಅಂತ ಸಾಗರದವರು ಕೇಳುತ್ತಾರಲ್ಲ, ಹಾಗೆ. ಬ್ಯಾಂಕ್ ಮೋಡ್ ದಾಟಿ, ಧನಸಾರ್ ದಾಟಿ, ಏಳೆಂಟು ಕಿಲೋಮೀಟರ್ ಹೋದೆವು ಅಷ್ಟೇ. ದಾರಿಯಲ್ಲಿ ಸಾಲು ಸಾಲು ಟಿಪ್ಪರ್, ಅಲ್ಲಿ ಅದಕ್ಕೆ 'ಹೈವಾ' ಅಂತಾರೆ. ಅವುಗಳ ನಡುವೆ ಸೈಕಲ್ ತಳ್ಳಿಕೊಂಡು ಹೋಗುವ ಗಂಡಸರು. ಒಬ್ಬರೂ ಸೈಕಲ್ ಮೇಲೆ ಕೂತಿರಲಿಲ್ಲ. ಕೂರಲು ಜಾಗ ಎಲ್ಲಿದೆ? ಹ್ಯಾಂಡಲ್ಲಿನಿಂದ ಕ್ಯಾರಿಯರ್‌ವರೆಗೆ ಕಲ್ಲಿದ್ದಲಿನ ಚೀಲ, ಇನ್ನೂರು ಕಿಲೋಗೂ ಜಾಸ್ತಿ. ಏರು ಬಂದಾಗ ಹಿಂದಿನವನು ತನ್ನ ಸೈಕಲ್ ನಿಲ್ಲಿಸಿ ಮುಂದಿನವನದ್ದನ್ನು ತಳ್ಳುತ್ತಿದ್ದ. ಅದನ್ನು ಮೇಲೆ ಮುಟ್ಟಿಸಿ ಇಬ್ಬರೂ ಇಳಿದು ಬಂದು ಇವನದ್ದನ್ನು ತಳ್ಳುತ್ತಿದ್ದರು.

ಆಗಷ್ಟೇ ಜೋರು ಮಳೆ ನಿಂತಿತ್ತು. ಮಳೆಗೆ ಬೆಂಕಿ ಆರಿರುತ್ತೆ, ಏನೂ ಕಾಣಲ್ಲ ಅಂದುಕೊಂಡಿದ್ದೆ. ಆಟೋ ಇಳಿದು ನೋಡಿದರೆ ಗುಡ್ಡಕ್ಕೆ ಗುಡ್ಡವೇ ಹೊಗೆಯಾಡುತ್ತಿದೆ. ನೆಲದ ಬಿರುಕುಗಳಿಂದ ಬಿಳಿ ಹಬೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುತ್ತಲ್ಲ, ಹಾಗೆ. ವಾಸನೆ ಮಾತ್ರ ದೀಪಾವಳಿ ಮರುದಿನದ್ದು, ಸುಟ್ಟ ಪಟಾಕಿಯದ್ದು. 'ಮಳೆ ಬಂದರೇ ಜಾಸ್ತಿ ದೀದಿ' ಅಂದ ಆಟೋದವನು. ನೀರು ಬಿರುಕಿಗಿಳಿದು ಕೆಳಗಿನ ಕೆಂಡಕ್ಕೆ ಬೀಳುತ್ತೆ, ಹಬೆಯಾಗಿ ಮೇಲೆ ಬರುತ್ತೆ. ಮೇಲಿನ ಮಣ್ಣು ನೆನೆದು ಕುಸಿಯುವುದೂ ಆಗಲೇ. ಹಾಗೆ ಕುಸಿದು ಬೀಳುವ ಗುಂಡಿಗೆ ಅಲ್ಲಿನ ಹೆಸರು 'ಗೋಫ್'. 2017ರಲ್ಲಿ ಝರಿಯಾ ಊರೊಳಗೇ ಇಂಥ ಒಂದು ಗೋಫ್ ಬಾಯಿ ತೆರೆದು ಒಬ್ಬ ಅಪ್ಪ, ಅವನ ಮಗ ಇಬ್ಬರನ್ನೂ ನುಂಗಿತು. 'ಇಲ್ಲಿ ಕಾಲಿಡಿ, ಅಲ್ಲಿ ಬೇಡ' ಅಂತ ಅವನು ಹೇಳಿದ ಕಡೆಯಷ್ಟೇ ಹೆಜ್ಜೆ ಇಟ್ಟೆ. ಎರಡು ನಿಮಿಷಕ್ಕೆ ಚಪ್ಪಲಿಯೊಳಗೆ ಪಾದ ಬಿಸಿಯಾಯಿತು.

ಗಣಿಯ ಅಂಚಿಗೆ ಒಂದು ಕೇರಿ. ನೆರಳಿಗೆ ಅಂತ ನಿಂತ ಮನೆಯ ಹೆಂಗಸು ಒಳಗೆ ಕರೆದಳು. ನನ್ನ ರಾಯಚೂರು ಹಿಂದಿಯ 'ನಕ್ಕೋ, ಹೌ' ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗುವಿನಿಂದಲೇ ಸಲಿಗೆ ಆಯಿತು ಅನ್ನಿ. ಒಂದು ಕೋಣೆ, ಮುಂದೆ ಒಲೆ. ಹಿಂದಿನ ಗೋಡೆಯಲ್ಲಿ ಮೇಲಿಂದ ಕೆಳಗೆ ಬಿರುಕು, ಕೈ ಹೋಗುವಷ್ಟು ಅಗಲ. ಹಳೇ ಸೀರೆ ತುರುಕಿ ಮೇಲೆ ಮಣ್ಣು ಮೆತ್ತಿದ್ದಳು. ಗೋಡೆ ಬುಡದ ನೆಲದ ಮೇಲೆ ಇಬ್ಬರು ಮಕ್ಕಳ ಸ್ಕೂಲ್ ಯೂನಿಫಾರ್ಮ್ ಹರಡಿತ್ತು. ಅಂಗಿ ತೋಳನ್ನು ಬಿಡಿಸಿ, ಸುಕ್ಕಿಲ್ಲದ ಹಾಗೆ. ನಾನು ಸುಮ್ನೆ ಅಂಗೈ ಇಟ್ಟು ನೋಡಿದೆ. ದೋಸೆ ಹೆಂಚಿನಷ್ಟಲ್ಲ, ಆದರೆ ಜಾಸ್ತಿ ಹೊತ್ತು ಇಡೋಕಾಗಲ್ಲ.

'ಮಳೆಗಾಲದಲ್ಲಿ ಬಟ್ಟೆ ಒಣಗುತ್ತೆ ದೀದಿ, ಇದೊಂದು ಉಪಕಾರ' ಅಂದಳು. ಇದು ತಮಾಷೆ ಅಂತ ನಗಬೇಕಾ ಬೇಡವಾ ಗೊತ್ತಾಗಲಿಲ್ಲ.

ರಾತ್ರಿ ಎಷ್ಟೇ ಮಳೆ ಬಂದರೂ ಬಾಗಿಲು ಹಾಕಲ್ಲವಂತೆ. ಹಾಕಿದರೆ ಬೆಳಿಗ್ಗೆ ಎಲ್ಲರಿಗೂ ತಲೆನೋವು, ವಾಂತಿ. ಬಿರುಕಿನಿಂದ ಬರುವ ಗ್ಯಾಸು. ವಾಸನೆ ಇರುವ ಗ್ಯಾಸಾದರೆ ಎದ್ದು ಹೊರಗೆ ಹೋಗಬಹುದು. ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಇಷ್ಟೆಲ್ಲ ಆಗಿದ್ದು ಹೇಗೆ? ಇಲ್ಲಿ ಗಣಿಗಾರಿಕೆ ಶುರುವಾಗಿದ್ದು 1890ರ ದಶಕದಲ್ಲಿ. ಮೊದಲ ಬೆಂಕಿ ಕಂಡದ್ದು 1916ರಲ್ಲಿ, ಭೌರಾ ಅನ್ನುವ ಕಲ್ಲಿದ್ದಲು ಗಣಿಯಲ್ಲಿ. ಆಗ ಎಲ್ಲ ಖಾಸಗಿ ಮಾಲೀಕರು. ಸುಲಭಕ್ಕೆ ಸಿಕ್ಕಷ್ಟು ಅಗೆದುಕೊಂಡರು. ಒಳಗಿನ ಸುರಂಗಗಳಿಗೆ ಮರಳು ತುಂಬಿ ಮುಚ್ಚಬೇಕು, ಗಣಿಗಿಳಿಯುವ ಬಾವಿಯ ಬಾಯಿ ಕಟ್ಟಬೇಕು. ಅದಕ್ಕೆ ಖರ್ಚಿದೆ, ಲಾಭ ಇಲ್ಲ. ಹಾಗೇ ಬಿಟ್ಟು ಹೋದರು. ಸುರಂಗದೊಳಗೆ ಗಾಳಿ ಆಡಿತು, ಉಳಿದ ಕಲ್ಲಿದ್ದಲು ಕಾಯತೊಡಗಿತು. ಅಪ್ಪ ಹೇಳಿದ್ದ ಅದೇ ಮಾತು. 1971–72ರಲ್ಲಿ ಸರ್ಕಾರ ಈ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಮೇಲಿಂದಲೇ ತೆರೆದು ಅಗೆಯುವುದು ಹೆಚ್ಚಾಯಿತು, ಹಳೇ ಸುರಂಗಗಳಿಗೆ ಇನ್ನಷ್ಟು ಗಾಳಿ ಸಿಕ್ಕಿತು. ಸುಮಾರು 450 ಚದರ ಕಿಲೋಮೀಟರ್‌ನ ಗಣಿ ಪ್ರದೇಶದಲ್ಲಿ ಒಂದು ಕಾಲಕ್ಕೆ ಎಪ್ಪತ್ತಕ್ಕೂ ಹೆಚ್ಚು ಕಡೆ ಬೆಂಕಿ ಗುರುತಿಸಿದ್ದರು. ಅದರಲ್ಲೂ ಇದು ಕೋಕಿಂಗ್ ಕಲ್ಲಿದ್ದಲು, ಉಕ್ಕು ಮಾಡಲು ಬೇಕಾದದ್ದು, ನಮ್ಮ ದೇಶದಲ್ಲಿ ಕಮ್ಮಿ ಇರುವಂಥದ್ದು. ಶಕ್ತಿನಗರಕ್ಕೆ ಬರುವುದು ಸಿಂಗರೇಣಿ ಕಡೆಯದ್ದು, ಮಹಾರಾಷ್ಟ್ರ, ಒಡಿಶಾ ಕಡೆಯದ್ದು. ಹಾಗಾಗಿ ನಮ್ಮ ಮನೆ ಬಲ್ಬು ಈ ನೆಲದಿಂದಲೇ ಉರಿಯಿತು ಅಂತ ಕಣ್ಣೀರು ಹಾಕಿದರೆ ಅದು ಸುಳ್ಳಾಗುತ್ತೆ. ಆದರೆ ನಮ್ಮ ಮನೆ ಆರ್‌ಸಿಸಿ ಸರಳಿನಲ್ಲಿ ಇಲ್ಲಿನದ್ದು ಸೇರಿದೆಯೋ ಏನೋ, ಯಾರು ಕಂಡಿದ್ದಾರೆ.

ಬೆಂಕಿ ಈಗ ಕಮ್ಮಿಯಾಗಿದೆ ಅನ್ನೋದೂ ಇದೆ. ಉಪಗ್ರಹ ಸಮೀಕ್ಷೆಗಳ ಪ್ರಕಾರ ಉರಿಯುವ ಜಾಗ ಮೊದಲಿಗಿಂತ ಎಷ್ಟೋ ಕುಗ್ಗಿದೆ. ಉರಿಯುತ್ತಿರುವ ಕಲ್ಲಿದ್ದಲನ್ನೇ ಅಗೆದು ತೆಗೆಯುವುದು ಅದಕ್ಕೆ ಕಂಡುಕೊಂಡ ಮುಖ್ಯ ದಾರಿ. ಅಗೆಯಲು ಮೇಲಿನ ಮನೆ ಹೋಗಬೇಕು. ಬೆಂಕಿ ಆರಿಸಲು ನಮ್ಮನ್ನು ಎಬ್ಬಿಸುತ್ತಾರೋ, ಕಲ್ಲಿದ್ದಲಿಗಾಗಿ ಎಬ್ಬಿಸುತ್ತಾರೋ ಅಂತ ಅಲ್ಲಿನವರಿಗೆ ಗುಮಾನಿ. ಆ ಗುಮಾನಿ ಸುಮ್ಮನೆ ಹುಟ್ಟಿದ್ದಲ್ಲ ಅಂತ ನನಗೂ ಅನಿಸಿತು.

ಎಬ್ಬಿಸಿ ಕಳಿಸುವುದು ಬೆಲ್ಗಡಿಯಾ ಅನ್ನುವ ಕಡೆಗೆ. 2009ರಲ್ಲಿ 7,112 ಕೋಟಿ ರೂಪಾಯಿಯ ಮಾಸ್ಟರ್ ಪ್ಲಾನ್ ಮಾಡಿ ಅಲ್ಲಿ ಕಾಲೊನಿ ಕಟ್ಟಿಸಿದರು. 'ನೀವ್ಯಾಕೆ ಹೋಗಿಲ್ಲ?' ಅಂದೆ. ಕೇಳಿದ ಮೇಲೆ ನಾಚಿಕೆಯಾಯಿತು. ಬೆಂಗಳೂರಿಂದ ಬಂದ ಅಧಿಕಾರಿ ಕೇಳೋ ಥರ ಇತ್ತು ಅದು.

ಅವಳು ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಮಾವನ ಕಾಲಕ್ಕೆ ಗಯಾ ಕಡೆಯಿಂದ ಬಂದವರು ಇವರು, ಮನೆಗೆ ಕಾಗದ ಪತ್ರ ಇಲ್ಲ. ಕಾಗದ ಇದ್ದವರಿಗೆ ಒಂದು ಲೆಕ್ಕ, ಇಲ್ಲದವರಿಗೆ ಇನ್ನೊಂದು. ಪಕ್ಕದ ಮನೆಯವಳು ಹೋಗಿದ್ದಾಳೆ. ಅಲ್ಲಿ ಎರಡು ಪುಟ್ಟ ಕೋಣೆ, ನೆಲ ತಣ್ಣಗಿದೆ. ಆದರೆ ಕೆಲಸ ಇಲ್ಲ. ಬೆಳಗಿನ ಜಾವ ಆಟೋ ಹಿಡಿದು ಇಲ್ಲಿಗೇ ಬರುತ್ತಾಳೆ, ಕಲ್ಲಿದ್ದಲು ಆಯಲು. ದುಡಿದದ್ದರಲ್ಲಿ ಆಟೋಗೆ ಎಷ್ಟು ಹೋಗುತ್ತೆ ಅಂತ ಇವಳು ಬೆರಳು ಮಡಚಿ ಲೆಕ್ಕ ಹೇಳಿದಳು. ಜೂನ್ 2025ರಲ್ಲಿ ಪರಿಷ್ಕೃತ ಪ್ಲಾನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, 5,940 ಕೋಟಿ. ಈ ಸಲ ಹೋದವರ ದುಡಿಮೆಗೂ ದಾರಿ ಮಾಡುತ್ತೇವೆ ಅಂದಿದ್ದಾರೆ. ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಮಡಚಿದ ಬೆರಳುಗಳು.

ಒಳಗೆ ಕರೆದ ಇವಳೂ ಕಲ್ಲಿದ್ದಲು ಆಯುತ್ತಾಳೆ. ನಸುಕಿನಲ್ಲೇ ಗಣಿಗಿಳಿದು ಬುಟ್ಟಿ ತುಂಬಿ ಹೊತ್ತು ತರುವುದು, ಕಾವಲಿನವರು ಕಂಡರೆ ಓಡುವುದು. ಕಾನೂನಿನ ಲೆಕ್ಕಕ್ಕೆ ಕಳ್ಳತನ. ತಂದದ್ದನ್ನು ಮನೆ ಮುಂದೆ ರಾಶಿ ಹಾಕಿ ಬೆಂಕಿ ಕೊಡುತ್ತಾರೆ. ಹೊಗೆಯೆಲ್ಲ ಹೋಗುವವರೆಗೆ ಸುಟ್ಟು ನೀರು ಹಾಕಿ ಆರಿಸಿದರೆ ಅಡುಗೆ ಒಲೆಗೆ ಆಗುವ ಇದ್ದಲು. ಸೈಕಲ್ಲಿನವರು ಒಯ್ಯುವುದು ಅದನ್ನೇ. ಆ ಕೇರಿಯಲ್ಲಿ ಅಂಥ ಹತ್ತಾರು ರಾಶಿ ಉರಿಯುತ್ತಿದ್ದವು. ನೆಲದ ಹೊಗೆ ಯಾವುದು, ಮನೆಯವರೇ ಹಚ್ಚಿದ ಹೊಗೆ ಯಾವುದು, ಒಂದೂ ತಿಳಿಯದು. ಅವಳ ಚಿಕ್ಕ ಮಗ ಮಾತಿನುದ್ದಕ್ಕೂ ಕೆಮ್ಮುತ್ತಲೇ ಇದ್ದ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಗಡಿಯಾರದ ಟಿಕ್ ಟಿಕ್ ನಮಗೆ ಕೇಳಿಸದ ಹಾಗೆ ಆಗಿರಬೇಕು.

ಹೊರಡುವಾಗ ಗಣಿಯ ಅಂಚಿನವರೆಗೆ ಬಂದಳು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಪ್ಪು ಹಳ್ಳ, ಅಷ್ಟು ದೊಡ್ಡ ಟಿಪ್ಪರ್‌ಗಳು ಬೆಂಕಿಪೊಟ್ಟಣದ ಹಾಗೆ. ಎದುರಿನ ಗೋಡೆಯಲ್ಲಿ ಒಂದು ಪಟ್ಟಿ ಹಗಲಲ್ಲೂ ಕೆಂಪಗಿತ್ತು. 'ಅಲ್ಲಿ ನಮ್ಮ ಶಾಲೆ ಇತ್ತು' ಅಂತ ಕೈ ತೋರಿಸಿದಳು. ಅವಳು ತೋರಿಸಿದ ಕಡೆ ನೆಲವೇ ಇರಲಿಲ್ಲ, ಬರೀ ಗಾಳಿ.

ಸಂಜೆ ಹಾಸ್ಟೆಲ್ ಗೇಟಿನಲ್ಲಿ ಮಗಳು ಮೊದಲು ನೋಡಿದ್ದು ನನ್ನ ಚಪ್ಪಲಿ. ಅಂಚು ಮೆತ್ತಗಾಗಿ ಒಂದು ಕಡೆ ಸೊಟ್ಟಗಾಗಿತ್ತು. ಎಲ್ಲಿಗೆ ಹೋಗಿದ್ದೆ ಅಂತ ಹೇಳಿದೆ. 'ಅದನ್ನೆಲ್ಲ ನಮಗೆ ಫೀಲ್ಡ್ ವಿಸಿಟ್‌ನಲ್ಲಿ ತೋರಿಸ್ತಾರಂತೆ ಅಮ್ಮ' ಅಂದಳು. ಜಾಸ್ತಿ ಮಾತಾಡಲಿಲ್ಲ ನಾವು.

ರೈಲು ಬರಲು ಹೊತ್ತಿತ್ತು. ಪ್ಲಾಟ್‌ಫಾರ್ಮಿನಿಂದ ಅಪ್ಪನಿಗೆ ಫೋನ್ ಮಾಡಿದೆ. ರಿಟೈರಾಗಿ ಹದಿನೈದು ವರ್ಷವಾದರೂ ಕೇಳಿದ್ದೆಲ್ಲ ಯಾರ್ಡಿನ ಪ್ರಶ್ನೆಗಳೇ.

'ಹೊಗಿ ಯಾವ ಬಣ್ಣ ಇತ್ತವ್ವಾ?'

'ಬಿಳಿ. ಕೆಲವು ಕಡೆ ಹಳದಿ.'

'ವಾಸನಿ?'

'ಪಟಾಕಿ ಥರ.'

'ಭಾಳ ದಿನದ್ದದ ಹಂಗಾರ. ಎಷ್ಟ್ ದಿನ ಆತಂತ?'

'ನೂರು ವರ್ಷ ದಾಟಿದೆಯಂತೆ ಅಪ್ಪ.'

ಲೈನ್ ಕಟ್ಟಾಯಿತಾ ಅಂತ ಫೋನ್ ನೋಡಿಕೊಂಡೆ. ಆಗಿರಲಿಲ್ಲ.

'ಒಂದ್ ಶಿಫ್ಟ್ ಹೊಗಿ ನೋಡಿ ಸುಮ್ನ ಕುಂತ್ರ' ಅಂದರು ಅಪ್ಪ, 'ನಮಗ ಮೆಮೊ ಕೊಡ್ತಿದ್ರು.'