ಮಡಿಕೇರಿ ಮಳೆಯಲ್ಲಿ ಕೂತು ಹಡಗಿನ ಬಗ್ಗೆ

ಮೂರು ದಿನದಿಂದ ಬಿಡದೆ ಮಳೆ, ಕರೆಂಟೂ ಇಲ್ಲ. ಹೋದ ವರ್ಷ ಲಕ್ಷದ್ವೀಪಕ್ಕೆ ಹೋಗೋಣ ಅಂತ ಕೊಚ್ಚಿಗೆ ಹೋಗಿ, ಸಮುದ್ರ ಸರಿಯಿಲ್ಲ ಹಡಗು ಇವತ್ತು ಬಿಡಲ್ಲ ಅಂದಾಗ ನಾನು ಕೌಂಟರ್‌ನಲ್ಲಿ ಕೂಗಾಡಿದ್ದು ನೆನಪಾಯ್ತು, ಅಲ್ಲಿ ಮಳೆ ಹನಿನೂ ಇರ್ಲಿಲ್ಲ ಕಣ್ರೀ!

ಆಮೇಲೆ ಗೊತ್ತಾಯ್ತು, ಮಳೆಗಿಂತ ಮುಖ್ಯವಾಗಿ ಗಾಳಿ ಮತ್ತು ಅಲೆಯ ಎತ್ತರ ನೋಡ್ತಾರೆ. ಮುನ್ಸೂಚನೇಲಿ ಮೂರು ಮೀಟರ್ ಅಂದ್ರೆ ಎಲ್ಲಾ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ ಅಷ್ಟೇ, ಒಂದೊಂದು ಅಲೆ ಅದರ ಡಬಲ್ ಹತ್ರ ಏಳಬಹುದು. ನಮ್ಮ ಬಂದರುಗಳಲ್ಲಿ 1ರಿಂದ 11ರವರೆಗೆ ಬಿರುಗಾಳಿ ಎಚ್ಚರಿಕೆ ಸಿಗ್ನಲ್ ಇದೆ, 10 ಅಂದ್ರೆ ಮಹಾ ಅಪಾಯ, 11 ಅಂದ್ರೆ ಹವಾಮಾನ ಕಚೇರಿ ಜೊತೆ ಸಂಪರ್ಕವೇ ಕಟ್, ಅದೇ ನಂಗೆ ಜಾಸ್ತಿ ಭಯ.

1947ರ ಜುಲೈ 17ಕ್ಕೆ ಮುಂಬೈಯಿಂದ ಹತ್ತಿರದ ರೇವಸ್ ಬಂದರಿಗೆ ಹೊರಟ ರಾಮದಾಸ್ ಹಡಗು ಮಳೆಗಾಲದ ಸಮುದ್ರದಲ್ಲಿ ಮುಳುಗಿ 600ಕ್ಕೂ ಹೆಚ್ಚು ಜನ ಹೋದ್ರು, ದಡ ದೂರ ಇರ್ಲಿಲ್ಲ.

ದುಬಾರೆಲಿ ಕಾವೇರಿ ತುಂಬಿದ್ರೆ ಬೋಟ್ ನಿಲ್ಸಿದಾಗ ನಾವ್ಯಾರೂ ಗಲಾಟೆ ಮಾಡಲ್ಲ, ಕೆಂಪು ನೀರು ಕಣ್ಣೆದುರೇ ಕಾಣ್ತದಲ್ಲ. ಆ ಕೌಂಟರ್ ಹುಡುಗ ಪಾಪ, ಒಂದು ಮಾತೂ ತಿರುಗಿ ಆಡ್ಲಿಲ್ಲ.