ಆಗದ ವ್ಯಾಪಾರಕ್ಕೆ ಕಮಿಷನ್ ಇಲ್ಲ

ಬಾಡಿಗೆ ಮನೆಗೆ ಒಂದು ತಿಂಗಳ ಬಾಡಿಗೆ, ಸೈಟು ಮಾರಿಸಿದರೆ ಒಂದೋ ಎರಡೋ ಪರ್ಸೆಂಟು. ಬೆಂಗಳೂರಿನಲ್ಲಿ ಬ್ರೋಕರ್ ಕಮಿಷನ್ ಹೆಚ್ಚುಕಡಿಮೆ ಇಷ್ಟೇ. ಅದನ್ನು ಕೊಡುವಾಗ ಪಾರ್ಟಿಯ ಮುಖ ನೋಡಬೇಕು. "ಬೀಗ ತೆಗೆದು ತೋರಿಸಿದ್ದಕ್ಕೆ ಇಷ್ಟೊಂದಾ ಸಾರ್?" ಬೀಗ ತೆಗೆಯೋಕೆ ಜಾಸ್ತಿನೇ, ಒಪ್ಪುತ್ತೇನೆ. ಆದರೆ ನನ್ನ ತಲೆ ಸವೆಯುವುದು ಪೇಪರ್ಸ್ ನೋಡುವುದರಲ್ಲಿ.

ಕೆಂಗೇರಿ ಆಚೆ ಒಂದು 30/40 ಸೈಟು ಬಂದಿತ್ತು. ಪೂರ್ವ ದಿಕ್ಕು, ಅಗಲವಾದ ರಸ್ತೆ, ಮೆಟ್ರೊ ಹತ್ತಿರ. ಗಂಡ ಹೆಂಡತಿ ನೋಡಿದವರೇ ಟೋಕನ್ ಕೊಡಲು ತಯಾರಾದರು. ಇ.ಸಿ., ಅಂದರೆ ಆಸ್ತಿಯ ಮೇಲಿನ ಸಾಲ, ಮಾರಾಟಗಳ ಸರ್ಟಿಫಿಕೇಟು, ಕ್ಲಿಯರ್ ಅಂತ ಮಾಲೀಕರು ಪ್ರಿಂಟ್ ತೆಗೆದು ಕೈಗೇ ಕೊಟ್ಟರು. ಕ್ಲಿಯರ್ ಇತ್ತು, ಸುಳ್ಳಲ್ಲ. ಆದರೆ ಇ.ಸಿ.ಯಲ್ಲಿ ಬರುವುದು ರಿಜಿಸ್ಟರ್ ಆದದ್ದು ಮಾತ್ರ. ಆನ್‌ಲೈನಿನಲ್ಲಿ ಸಿಗುವುದೂ 2004ರ ಏಪ್ರಿಲ್‌ನಿಂದ ಈಚಿನದು, ಅದಕ್ಕೂ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಕು.

ಜಮೀನು ಪಿತ್ರಾರ್ಜಿತ. 2009ರ ವಿಭಾಗ ಪತ್ರದಲ್ಲಿ ಅಣ್ಣತಮ್ಮಂದಿರು ಮೂವರ ಸಹಿ ಇತ್ತು. ವಂಶವೃಕ್ಷ ತರಿಸಿ ನೋಡಿದರೆ ಇಬ್ಬರು ಅಕ್ಕಂದಿರೂ ಇದ್ದಾರೆ! ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಅಲ್ವಾ, ಅವರನ್ನು ಬಿಟ್ಟು ಮಾಡಿದ ವಿಭಾಗಕ್ಕೆ ನಾಳೆ ಕೋರ್ಟಿನಿಂದ ಸ್ಟೇ ಬಂದರೆ ಮನೆ ಅರ್ಧಕ್ಕೆ ನಿಲ್ಲುತ್ತದೆ. ಮಾಲೀಕರನ್ನು ಕೇಳಿದೆ. "ಅವರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ ಸಾರ್, ಏನೂ ಕೇಳಲ್ಲ ಅವರು" ಅಂದರು. ಕೇಳಲ್ಲ ಅಂದಮೇಲೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ, ಒಂದು ದಿನದ ಕೆಲಸ ಅಂದೆ. ಅಲ್ಲಿಂದ ಅವರ ದನಿಯೇ ಬದಲಾಯಿತು. ನಾನು ವ್ಯಾಪಾರ ಕೆಡಿಸುವವನಂತೆ, ಬೇರೆ ಬ್ರೋಕರ್‌ಗಳು ಇಷ್ಟೆಲ್ಲ ಕೇಳುವುದಿಲ್ಲವಂತೆ. ನಿಜ, ಕೇಳುವುದಿಲ್ಲ. ರಿಜಿಸ್ಟ್ರೇಷನ್ ಆದ ದಿನವೇ ಕಮಿಷನ್ ಕೈಸೇರುತ್ತದೆ, ಕೇಸು ಬರುವುದು ಯಾವಾಗಲೋ.

ಈಗೊಂದು ಹೊಸ ಭ್ರಮೆ ಬೇರೆ. 2024ರ ಕೊನೆಯಿಂದ ನಗರದಲ್ಲಿ ಇ-ಖಾತಾ, ಅಂದರೆ ಪಾಲಿಕೆಯ ಆನ್‌ಲೈನ್ ಖಾತಾ, ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಒಳ್ಳೆಯದೇ, ಒಂದೇ ಸೈಟನ್ನು ಇಬ್ಬರಿಗೆ ಮಾರುವ ಆಟ ಕಡಿಮೆಯಾಗುತ್ತದೆ. ಆದರೆ ಇ-ಖಾತಾ ಬಂತು ಅಂದರೆ ಎಲ್ಲ ಸರಿಯಾಯಿತು ಅಂತ ಜನ ಕೂತುಬಿಡುತ್ತಾರೆ. ಖಾತಾ ಇರುವುದು ತೆರಿಗೆ ಲೆಕ್ಕಕ್ಕೆ. ಮಾಲೀಕತ್ವ ನೋಡಬೇಕೆಂದರೆ ಮೂಲ ಪತ್ರದಿಂದ ಇಲ್ಲಿಯವರೆಗಿನ ಕೊಂಡಿ ಒಂದೂ ತಪ್ಪದ ಹಾಗೆ ಓದಬೇಕು, ಚೆಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿಯನ್ನು, ಜಾಗದಲ್ಲೇ ನಿಂತು ತಾಳೆ ನೋಡಬೇಕು. ಪತ್ರದಲ್ಲಿ ಪೂರ್ವಕ್ಕೆ ರಸ್ತೆ ಅಂತಿರುತ್ತದೆ, ಹೋಗಿ ನೋಡಿದರೆ ಯಾರದೋ ಕೊಟ್ಟಿಗೆ.

ಆ ಸೈಟಿನಿಂದ ನನಗೆ ಪೆಟ್ರೋಲ್ ದುಡ್ಡೂ ಹುಟ್ಟಲಿಲ್ಲ. ಗಂಡ ಹೆಂಡತಿ ಆಷಾಢ ಕಳೆದಮೇಲೆ ಬೇರೆ ಬ್ರೋಕರ್ ಕಡೆಯಿಂದ ಒಂದು ಫ್ಲಾಟ್ ತಗೊಂಡರು. ಅವನು ಅರ್ಧ ಪರ್ಸೆಂಟ್ ಕಮ್ಮಿ ಹೇಳಿದ್ದನಂತೆ. ಅದರ ಪೇಪರ್ಸ್ ಮಾತ್ರ ನನಗೆ ವಾಟ್ಸಾಪ್ ಮಾಡಿದ್ದರು, "ಸುಮ್ನೆ ಒಂದ್ಸಲ ನೋಡಿಬಿಡಿ ಸಾರ್" ಅಂತ.