ಸೋಯಾ ತಳಿ ಗುರುತಿಸುವಾಗ ಬ್ಯಾಂಡಿನ ಜಾಗ ನೋಡಿ, ದಪ್ಪವನ್ನಲ್ಲ

ಬಣ್ಣ, ಗಾತ್ರ, ಬೀಜದ ಕಣ್ಣು ಎಲ್ಲವೂ ಒಂದೇ ಥರ ಇರುವ ಎರಡು ಸೋಯಾ ತಳಿಗಳನ್ನು ಬೇರೆ ಮಾಡಲು ಬೀಜದ ಪ್ರೋಟೀನ್ ನೆರವಾಗುತ್ತದೆ. ಒಣಬೀಜದ ತೂಕದಲ್ಲಿ ಸುಮಾರು 40% ಪ್ರೋಟೀನೇ. ಅದರಲ್ಲಿ ಹೆಚ್ಚಿನ ಪಾಲು ಗ್ಲೈಸಿನಿನ್ ಮತ್ತು ಬೀಟಾ-ಕಾಂಗ್ಲೈಸಿನಿನ್ ಎಂಬ ಸಂಗ್ರಹ ಪ್ರೋಟೀನುಗಳದು. ಎಸ್‌ಡಿಎಸ್-ಪೇಜ್ (ಎಸ್‌ಡಿಎಸ್ ಎಂಬ ಮಾರ್ಜಕ ಬೆರೆಸಿ, ಜೆಲ್‌ನಲ್ಲಿ ವಿದ್ಯುತ್ ಹರಿಸಿ ಪ್ರೋಟೀನ್ ಬೇರ್ಪಡಿಸುವ ವಿಧಾನ) ಇವುಗಳ ಉಪಘಟಕಗಳನ್ನು ಗಾತ್ರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸುತ್ತದೆ. ಜೆಲ್‌ನಲ್ಲಿ ಕಾಣುವ ಆ ಗೆರೆಗಳೇ ಬ್ಯಾಂಡ್.

ಬೀಜಗಳನ್ನು ಒಟ್ಟಿಗೆ ಅರೆಯಬೇಡಿ. ಕಲಬೆರಕೆ ಇದ್ದರೆ ಅಲ್ಲೇ ಮುಚ್ಚಿಹೋಗುತ್ತದೆ. ಒಂದೊಂದೇ ಬೀಜ, ಕನಿಷ್ಠ ಹತ್ತು. ಮೊಳಕೆಯ ಭಾಗ ಮುಟ್ಟದೆ ಬೀಜದಳದ ತುದಿಯಿಂದ ಚೂರು ಕೆತ್ತಿಕೊಂಡರೆ ಉಳಿದದ್ದನ್ನು ಬಿತ್ತಬಹುದು. ಪುಡಿಯನ್ನು ಹೆಕ್ಸೇನ್‌ನಲ್ಲಿ ತೊಳೆದು ಎಣ್ಣೆ ತೆಗೆದು ಒಣಗಿಸಿ. 10 ಮಿಗ್ರಾಂ ಪುಡಿಗೆ 0.5 ಮಿಲೀ ಬಫರ್: 62.5 ಮಿಲಿಮೋಲಾರ್ ಟ್ರಿಸ್ (ಪಿಎಚ್ 6.8), 2% ಎಸ್‌ಡಿಎಸ್, 10% ಗ್ಲಿಸರಾಲ್, 5% ಮರ್ಕ್ಯಾಪ್ಟೊಇಥನಾಲ್, ಚಿಟಿಕೆ ಬ್ರೋಮೊಫೀನಾಲ್ ಬ್ಲೂ. 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಜೆಲ್‌ನ ಪ್ರತಿ ಲೇನಿಗೆ (ಓಟದ ಸಾಲಿಗೆ) 2 ಮೈಕ್ರೋಲೀಟರ್‌ನಷ್ಟು ಹಾಕಿದರೆ ಸಾಕು. ಹೆಚ್ಚು ಹಾಕುವ ಆಸೆಯೇ ಬ್ಯಾಂಡುಗಳನ್ನು ಒಂದಕ್ಕೊಂದು ಅಂಟಿಸಿ ಕೆಡಿಸುತ್ತದೆ. ಜೆಲ್ 12%, ಬಣ್ಣಕ್ಕೆ ಕೂಮಾಸಿ.

ಮೇಲಿನಿಂದ ಕೆಳಗೆ ಬಂದರೆ 95 ಕಿಲೋಡಾಲ್ಟನ್ (ಪ್ರೋಟೀನ್ ಗಾತ್ರದ ಅಳತೆ) ಆಸುಪಾಸು ಲಿಪಾಕ್ಸಿಜನೇಸ್ ಕಿಣ್ವ, 70ರ ಸುತ್ತ ಕಾಂಗ್ಲೈಸಿನಿನ್‌ನ ಆಲ್ಫಾ ಜೋಡಿ, 50ರ ಬಳಿ ಬೀಟಾ, 35ರಿಂದ 40ರೊಳಗೆ ಗ್ಲೈಸಿನಿನ್‌ನ ಆಮ್ಲೀಯ ಸರಪಳಿ, 20ರಲ್ಲಿ ಅದರ ಕ್ಷಾರೀಯ ಸರಪಳಿ.

ಇಲ್ಲೊಂದು ಬಲೆ ಇದೆ. ಗ್ಲೈಸಿನಿನ್‌ನ ಈ ಎರಡು ಸರಪಳಿಗಳನ್ನು ಡೈಸಲ್ಫೈಡ್ ಬಂಧ ಹಿಡಿದಿಟ್ಟಿರುತ್ತದೆ. ಅದನ್ನು ಬಿಡಿಸುವ ಮರ್ಕ್ಯಾಪ್ಟೊಇಥನಾಲ್ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಬಂಧ ಬಿಡುವುದಿಲ್ಲ. 35 ಮತ್ತು 20ರ ಬ್ಯಾಂಡ್ ಬಡವಾಗಿ, 55-60ರ ಹತ್ತಿರ ಹೊಸದೊಂದು ಎದ್ದು ಕಾಣುತ್ತದೆ. ಅದನ್ನು ಹೊಸ ತಳಿಯ ಗುರುತು ಎಂದು ಬರೆದುಕೊಂಡರೆ ಕೆಲಸವೆಲ್ಲ ಕೆಟ್ಟಂತೆ. ಹೀಗಾಗಿ ಪ್ರತಿ ಜೆಲ್‌ನಲ್ಲೂ ಗೊತ್ತಿರುವ ಒಂದು ತಳಿಯನ್ನು ಓಡಿಸಲೇಬೇಕು.

ದಪ್ಪವನ್ನು ನಂಬಬೇಡಿ. ಗಂಧಕ ಕಡಿಮೆಯಿರುವ ಮಣ್ಣಿನಲ್ಲಿ ಬೆಳೆದ ಗಿಡ ಗ್ಲೈಸಿನಿನ್ ಕಡಿಮೆ ಮಾಡಿ, ಗಂಧಕದ ಅಮೈನೋ ಆಮ್ಲ ಹೆಚ್ಚು ಬೇಡದ ಬೀಟಾ ಉಪಘಟಕವನ್ನು ಹೆಚ್ಚಿಸುತ್ತದೆ. ತಳಿ ಅದೇ, ಚಿತ್ರ ಬೇರೆ. ಬ್ಯಾಂಡ್ ಇದೆಯೋ ಇಲ್ಲವೋ, ಇದ್ದರೆ ಎಷ್ಟು ದೂರ ಓಡಿದೆ, ಇಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದಕ್ಕೆ ಒಳ್ಳೆಯ ಉದಾಹರಣೆ ಕುನಿಟ್ಜ್ ಟ್ರಿಪ್ಸಿನ್ ಪ್ರತಿರೋಧಕ, ಅಂದರೆ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಬೀಜದ ಪ್ರೋಟೀನ್. ವಿಲಿಯಮ್ಸ್ 82 ತಳಿಯಲ್ಲಿ ಅದಿದೆ. ಅದರಿಂದಲೇ ಹಿಮ್ಮುಖ ಸಂಕರಣದಲ್ಲಿ ಬಂದ ಕುನಿಟ್ಜ್ ತಳಿಯಲ್ಲಿ ಇಲ್ಲ. ಆದರೆ ಇದರ ಗಾತ್ರ ಸುಮಾರು 21 ಕಿಲೋಡಾಲ್ಟನ್. ಕ್ಷಾರೀಯ ಸರಪಳಿಯ ಪಕ್ಕದಲ್ಲೇ ಕೂರುವುದರಿಂದ 12% ಜೆಲ್‌ನಲ್ಲಿ ಕಣ್ಣಿಗೆ ಮೋಸವಾಗಬಹುದು. ಎಸ್‌ಡಿಎಸ್, ಮರ್ಕ್ಯಾಪ್ಟೊಇಥನಾಲ್ ಎರಡೂ ಇಲ್ಲದೆ, ಕಾಯಿಸದೆ, 10% ನೇಟಿವ್ ಜೆಲ್‌ನಲ್ಲಿ (ಪ್ರೋಟೀನ್ ತನ್ನ ಸಹಜ ಆಕಾರ, ವಿದ್ಯುದಾವೇಶದಲ್ಲೇ ಓಡುವ ಜೆಲ್) ಓಡಿಸಿ. ದೊಡ್ಡ ಪ್ರೋಟೀನುಗಳು ಮೇಲೇ ಉಳಿದು, ಪ್ರತಿರೋಧಕ ಬಣ್ಣದ ಮುಂಚೂಣಿಯ ಕಡೆಗೆ ಒಂಟಿಯಾಗಿ ಬರುತ್ತದೆ. ಅದರ ಟಿಐ-ಎ, ಟಿಐ-ಬಿ, ಟಿಐ-ಸಿ ರೂಪಗಳೂ ಓಟದ ದೂರದಿಂದ ಬೇರೆಯಾಗುತ್ತವೆ. ಎಸ್‌ಡಿಎಸ್ ಜೆಲ್‌ನಲ್ಲಿ ಈ ಮೂರನ್ನೂ ಬೇರ್ಪಡಿಸಲಾಗದು, ಗಾತ್ರ ಹೆಚ್ಚುಕಡಿಮೆ ಒಂದೇ.

ಬ್ಯಾಂಡ್ ಬೇರೆ ಬಂದರೆ, ಪ್ರಯೋಗ ಸರಿಯಿದ್ದಲ್ಲಿ, ತಳಿ ಬೇರೆ ಎನ್ನಬಹುದು. ಒಂದೇ ಬಂದರೆ ತಳಿ ಒಂದೇ ಎನ್ನುವಂತಿಲ್ಲ. ಬೆಳೆಯುವ ಸೋಯಾ ತಳಿಗಳು ಹತ್ತಿರದ ಬಂಧುಗಳು, ಎಷ್ಟೋ ತಳಿಗಳ ಸಂಗ್ರಹ ಪ್ರೋಟೀನ್ ತದ್ರೂಪ. ಅಂಥ ಕಡೆ ಡಿಎನ್‌ಎಯ ಎಸ್‌ಎಸ್‌ಆರ್ ಮಾರ್ಕರ್‌ಗಳ (ಮತ್ತೆ ಮತ್ತೆ ಬರುವ ಚಿಕ್ಕ ಡಿಎನ್‌ಎ ತುಣುಕುಗಳ ಗುರುತುಗಳ) ಮೊರೆಹೋಗಬೇಕು.